ಇಂದಿನ ಚಿಂತನೆ: ಕೇಳದೆಯೇ ನೆನಪಿಸುವ ಭಂಡಾರಿ





ಪಾಲಿಯ 'ಸತಿ' ಎಂಬ ಮಾತಿಗೆ ನಾವು 'ಎಚ್ಚರ' ಎಂದು ಅರ್ಥ ಹೇಳುತ್ತೇವೆ. ಅದರ ಮೂಲ ಅರ್ಥ ನೆನಪು. ಸಂಸ್ಕೃತದ 'ಸ್ಮೃತಿ'ಯೂ ಇದೇ ಪದ. ಮನುವಿನ ಪುಸ್ತಕಕ್ಕೆ ಆ ಹೆಸರು ಅಂಟಿದೆ ಎಂದು ನಾವು ನೆನಪನ್ನೇ ಬಿಟ್ಟುಕೊಡಬೇಕಿಲ್ಲ.

ಮಿಲಿಂದಪಞ್ಹದಲ್ಲಿ ಭಂತೆ ನಾಗಸೇನರು ಸತಿಯನ್ನು ಚಕ್ರವರ್ತಿಯ ಭಂಡಾರಿಗೆ ಹೋಲಿಸುತ್ತಾರೆ. ಆತ ಬೆಳಿಗ್ಗೆ ಸಂಜೆ ದೊರೆಯ ಮುಂದೆ ನಿಂತು, ಆನೆ ಇಷ್ಟು, ಕುದುರೆ ಇಷ್ಟು, ಚಿನ್ನ ಇಷ್ಟು ಎಂದು ನೆನಪಿಸುತ್ತಾನೆ. ಸತಿಯೂ ಹಾಗೆಯೇ ಇದು ಕುಶಲ, ಇದು ಅಕುಶಲ ಎಂದು ನೆನಪಿಸುತ್ತದೆ.

ಇಂದು ನಮ್ಮ ಕೈಯಲ್ಲಿ ಗೂಗಲ್ ಎಂಬ ಭಂಡಾರವಿದೆ. ಅದು ಸಣ್ಣದೇನಲ್ಲ. ಅಕ್ಷರದಿಂದ ದೂರವಿಟ್ಟಿದ್ದ ಜನ ನಾವು. ಈಗ ತೋಡೂರಿನ ಮನೆಯಲ್ಲಿ ಕೂತು ಬಾಬಾಸಾಹೇಬರ ಬರಹಗಳ ಸಂಪುಟಗಳನ್ನು ಮೊಬೈಲಿನಲ್ಲೇ ಓದಬಹುದು. ಆದರೆ ಈ ಭಂಡಾರಕ್ಕೆ ಭಂಡಾರಿ ಇಲ್ಲ. ಕೇಳಿದರೆ ಮಾತ್ರ ಉತ್ತರ.

ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಸಂಗತಿಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ, ಕೆಲವರಿಗೆ ಇದು ಉಳಿಯುತ್ತದೆ ಎಂದರು, ಕೆಲವರಿಗೆ ಅಳಿಸಿಹೋಗುತ್ತದೆ ಎಂದರು. ಅಳಿಸಿಹೋಗುತ್ತದೆ ಎಂದು ನಂಬಿದವರಿಗೇ ಹೆಚ್ಚು ನೆನಪಿತ್ತು. ಎಲ್ಲೋ ಇದೆಯಲ್ಲ ಎಂಬ ಧೈರ್ಯ ಬಂದರೆ ಮನಸ್ಸು ಹಿಡಿತ ಸಡಿಲಿಸುತ್ತದೆ.

ಇಸವಿ ಮರೆತರೆ ಹುಡುಕಿದರಾಯಿತು. ಶೀಲ ಹಾಗಲ್ಲ. ಸಿಟ್ಟು ನೆತ್ತಿಗೇರಿದಾಗ, ಗೆಳೆಯರು ಗೋವಾದ ಬಾಟಲಿ ಮುಂದಿಟ್ಟಾಗ, ಮದುವೆ ಮಾತುಕತೆಯಲ್ಲಿ ಯಾರೋ ಭಟ್ಟರನ್ನು ಕರೆಸೋಣ ಎಂದಾಗ, ಐದನೇ ಶೀಲ ಯಾವುದು, ಎಂಟನೇ ಪ್ರತಿಜ್ಞೆ ಯಾವುದು ಎಂದು ಯಾರೂ ಮೊಬೈಲ್ ತೆರೆಯುವುದಿಲ್ಲ. ಆ ಗಳಿಗೆಯಲ್ಲಿ ಒಳಗಿದ್ದದ್ದು ಮಾತ್ರ ಕೈ ಹಿಡಿಯುತ್ತದೆ.

ಬುದ್ಧರ ಮಾತುಗಳು ಶ್ರೀಲಂಕಾದಲ್ಲಿ ಬರಹಕ್ಕಿಳಿಯುವ ಮೊದಲು ಶತಮಾನಗಳ ಕಾಲ ಭಿಕ್ಷುಗಳ ಬಾಯಿಯಲ್ಲೇ ಉಳಿದವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮ್ಮ ಹಿರಿಯರು 22 ಪ್ರತಿಜ್ಞೆಗಳನ್ನು ಸ್ವೀಕರಿಸಿದ್ದೂ ಬಾಬಾಸಾಹೇಬರು ಹೇಳಿಕೊಟ್ಟಂತೆ ಬಾಯಿಬಿಟ್ಟು ಹೇಳಿಯೇ. ಓದು ಬಾರದವರೂ ಅವನ್ನು ಮನಸ್ಸಿನಲ್ಲಿ ಹೊತ್ತು ಮನೆಗೆ ತಂದರು.

*ಇಂದಿನ ಅಭ್ಯಾಸ:* ಸಂಜೆ ವಂದನೆಗೆ ಕೂತಾಗ ಮೊಬೈಲ್ ಪಕ್ಕಕ್ಕಿಡಿ. ತಿಸರಣ, ಪಂಚಶೀಲ, ಒಂದು ಪ್ರತಿಜ್ಞೆ ನೆನಪಿನಿಂದಲೇ ಹೇಳಿ. ತಡವರಿಸಿದಲ್ಲಿ ತುಸು ನಿಂತು ಯೋಚಿಸಿ, ಆಮೇಲೆ ತೆರೆದು ನೋಡಿ. ತಡಕಾಡಿ ಸಿಕ್ಕಿದ್ದೇ ಗಟ್ಟಿಯಾಗಿ ನಿಲ್ಲುತ್ತದೆ; ತರಗತಿಯಲ್ಲಿ ಮಕ್ಕಳನ್ನು ನೋಡಿ ನಾನು ಕಂಡುಕೊಂಡದ್ದು ಇದು. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ದಿನಕ್ಕೊಂದಾದರೆ 22 ದಿನ ಸಾಕು.

ಭವತು ಸಬ್ಬ ಮಂಗಲಂ.