ಅನುದಾನದ ನಿರ್ಧಾರದಲ್ಲಿ ಎಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿರುವವರ ಸಹಭಾಗಿತ್ವ: ಗ್ರಾಮ ಪಂಚಾಯಿತಿಗಳಿಗೆ ಅಧ್ಯಯನ ಪಾಠ

ನೆರವಿನ ಯೋಜನೆಗಳ ಫಲಾನುಭವಿ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಿ, ಸೂಚನಾ ಫಲಕದಲ್ಲಿ ಪ್ರಕಟಿಸುವುದು ಪಂಚಾಯಿತಿಗಳ ರೂಢಿ. ಮನೆ, ಶೌಚಾಲಯ, ದನದ ಕೊಟ್ಟಿಗೆಗಳ ವಿಷಯದಲ್ಲಿ ಈ ಪಾರದರ್ಶಕತೆ ಪಂಚಾಯತ್ ರಾಜ್ ವ್ಯವಸ್ಥೆಯ ಜೀವಾಳ. ಆದರೆ ಎಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿರುವವರಿಗೆ ಮೀಸಲಾದ ಪಟ್ಟಿಯನ್ನೂ ಹಾಗೆಯೇ ಓದಿದಲ್ಲಿ ನೆರವೇ ದಂಡನೆಯಾಗಿ ಪರಿಣಮಿಸುತ್ತದೆ. ಈ ತೊಡಕನ್ನು ಬಿಡಿಸುವ ಬಗೆ ಅದನ್ನು ಅನುಭವಿಸುವವರಿಗೇ ಚೆನ್ನಾಗಿ ತಿಳಿದಿರುತ್ತದೆ. ಆದುದರಿಂದ ಅವರನ್ನು ಅನುದಾನ ಪಡೆಯುವವರನ್ನಾಗಿ ಮಾತ್ರವಲ್ಲದೆ ನಿರ್ಧಾರ ಕೈಗೊಳ್ಳುವವರನ್ನಾಗಿಯೂ ಪರಿಗಣಿಸುವುದು ಅಗತ್ಯ.

ತತ್ತ್ವದ ಹಿನ್ನೆಲೆ

1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಸೇರಿದ್ದ ಏಡ್ಸ್ ಪೀಡಿತರು, ತಮಗೆ ಸಂಬಂಧಿಸಿದ ನಿರ್ಧಾರಗಳ ಎಲ್ಲ ಹಂತಗಳಲ್ಲಿಯೂ ತಾವಿರಬೇಕೆಂದು ಘೋಷಿಸಿದರು. 1994ರ ಡಿಸೆಂಬರ್ 1ರಂದು ಪ್ಯಾರಿಸ್ ಶೃಂಗಸಭೆಯಲ್ಲಿ 42 ರಾಷ್ಟ್ರಗಳು ಈ ಸಹಭಾಗಿತ್ವದ ತತ್ತ್ವವನ್ನು ಅಂಗೀಕರಿಸಿದವು. 2002ರಲ್ಲಿ ಸ್ಥಾಪನೆಯಾದ ಜಾಗತಿಕ ನಿಧಿಯ ಆಡಳಿತ ಮಂಡಳಿಯಲ್ಲಿ ಇಂದು ಏಡ್ಸ್, ಕ್ಷಯ, ಮಲೇರಿಯಾ ಬಾಧಿತ ಸಮುದಾಯಗಳ ಪ್ರತಿನಿಧಿಗಳಿಗೆ ಮತಾಧಿಕಾರವಿದೆ. ನಮ್ಮ ರಾಜ್ಯದಲ್ಲಿಯೂ ಮೈಸೂರಿನ ಅಶೋದಯ ಸಮಿತಿಯನ್ನು ಲೈಂಗಿಕ ಕಾರ್ಯಕರ್ತರೇ ಮುನ್ನಡೆಸುತ್ತಿದ್ದಾರೆ. ಬಾಧಿತರು ಹೊಣೆ ಹೊರಬಲ್ಲರು ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ.

ಕಾನೂನಿನ ಚೌಕಟ್ಟು

ಎಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017 ದಿನಾಂಕ 10-09-2018ರಿಂದ ಜಾರಿಯಲ್ಲಿದೆ. ನ್ಯಾಯಾಲಯದ ಆದೇಶದಂತಹ ಸಂದರ್ಭಗಳನ್ನು ಹೊರತುಪಡಿಸಿ, ತನ್ನ ಸೋಂಕಿನ ಸ್ಥಿತಿಯನ್ನು ತಿಳಿಸುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ. ವಿಶ್ವಾಸದಲ್ಲಿ ತಿಳಿಸಿದ ಮಾಹಿತಿಯನ್ನು ಬಹಿರಂಗಪಡಿಸಲು ಸಂಬಂಧಪಟ್ಟವರ ತಿಳಿವಳಿಕೆಯ ಸಮ್ಮತಿಯನ್ನು ಲಿಖಿತವಾಗಿ ದಾಖಲಿಸಿರಬೇಕು. ಹೀಗಾಗಿ "ನಮ್ಮ ಊರಿನಲ್ಲಿ ಸೋಂಕಿತರು ಯಾರು?" ಎಂಬುದು ಪಂಚಾಯಿತಿ ಕೇಳಬೇಕಾದ ಪ್ರಶ್ನೆಯಲ್ಲ. "ಸೋಂಕಿತರ ಅಭಿಪ್ರಾಯ ನಮ್ಮ ಸಮಿತಿಗೆ ಯಾವ ದಾರಿಯಿಂದ ತಲುಪಬಲ್ಲದು?" ಎಂಬುದೇ ಸರಿಯಾದ ಪ್ರಶ್ನೆ.

ಸ್ಥಳೀಯ ಸಂದರ್ಭ

ಉರಿಗಾಂ ಪ್ರದೇಶವು ನಗರಸಭೆಯ ವ್ಯಾಪ್ತಿಗೆ ಸೇರಿದ್ದರೂ, ಸುತ್ತಲಿನ ಗ್ರಾಮ ಪಂಚಾಯಿತಿಗಳ ಜನರ ಬದುಕು ಅದರೊಂದಿಗೆ ಹೆಣೆದುಕೊಂಡಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ತರುವಾಯ ಅನೇಕರು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ದುಡಿಮೆಗೆ ತೆರಳಿ ರಾತ್ರಿ ಮರಳುತ್ತಾರೆ. ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದ ಸಭೆಗೆ ಇವರು ಬರಲಾರರು. ಗೋಡೆಗೆ ಗೋಡೆ ತಾಗಿರುವ ಗಣಿ ಲೈನು ಮನೆಗಳಲ್ಲಿ ಗುಟ್ಟು ಉಳಿಯುವುದು ಕಷ್ಟ. ತಮಿಳು, ತೆಲುಗು ಮನೆಮಾತಿನವರೂ ಇಲ್ಲಿ ಬಹುಸಂಖ್ಯೆಯಲ್ಲಿರುವುದರಿಂದ ತಿಳಿವಳಿಕೆ ಪತ್ರಗಳು ಆ ಭಾಷೆಗಳಲ್ಲಿಯೂ ಇರುವುದು ಲೇಸು.

ಒಂದು ಲೆಕ್ಕದ ಉದಾಹರಣೆ

ಒಂದು ಪಂಚಾಯಿತಿಯು ಸ್ವಂತ ಸಂಪನ್ಮೂಲದಿಂದ 60,000 ರೂಪಾಯಿಗಳನ್ನು 20 ಜನ ಸೋಂಕಿತರ ನೆರವಿಗೆ ತೆಗೆದಿರಿಸಿದೆ ಎಂದು ಭಾವಿಸೋಣ. ತಲಾ 3,000 ರೂಪಾಯಿಗಳ ಆಹಾರ ಕಿಟ್ಟನ್ನು ಸಮಾರಂಭದಲ್ಲಿ ವಿತರಿಸಬೇಕೆಂಬ ಸಲಹೆ ಸಹಜವಾಗಿಯೇ ಬರುತ್ತದೆ. ಅದೇ ಮೊತ್ತವನ್ನು ಹನ್ನೆರಡು ತಿಂಗಳಿಗೆ ಹಂಚಿದಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ 250 ರೂಪಾಯಿ. ಎ.ಆರ್.ಟಿ. ಔಷಧಿ ಉಚಿತ, ಆದರೆ ಕೇಂದ್ರದವರೆಗಿನ ಬಸ್ಸಿನ ಖರ್ಚು ಹಾಗೂ ಆ ದಿನದ ಕೂಲಿ ನಷ್ಟ ಉಚಿತವಲ್ಲ. ಪರಿಚಿತರ ಕಣ್ಣಿಗೆ ಬೀಳಬಾರದೆಂದು ಹತ್ತಿರದ ಕೇಂದ್ರವನ್ನು ಬಿಟ್ಟು ದೂರದ ಕೇಂದ್ರಕ್ಕೆ ಹೋಗುವವರೂ ಇದ್ದಾರೆ. ಔಷಧಿ ತಪ್ಪಿದರೆ ವೈರಾಣು ಮತ್ತೆ ವೃದ್ಧಿಯಾಗಿ ಔಷಧಕ್ಕೆ ಜಗ್ಗದಂತಾಗುವ ಅಪಾಯವಿದೆ. ಕಿಟ್ಟು ಬೇಕೋ ಪ್ರಯಾಣ ವೆಚ್ಚ ಬೇಕೋ ಎಂಬುದನ್ನು ಆ ಹಾದಿಯಲ್ಲಿ ನಡೆಯುವವರೇ ಹೇಳಬೇಕು.

ಹೆಸರಿನ ತೊಡಕಿಗೂ ಪರಿಹಾರವಿದೆ. ಕ್ಷಯ, ಡಯಾಲಿಸಿಸ್, ಗಣಿ ಕಾರ್ಮಿಕರನ್ನು ಕಾಡುವ ಸಿಲಿಕೋಸಿಸ್ ಹಾಗೂ ಎಚ್.ಐ.ವಿ. ಇವೆಲ್ಲವನ್ನೂ "ದೀರ್ಘಾವಧಿ ಚಿಕಿತ್ಸೆಯ ಪ್ರಯಾಣ ನೆರವು" ಎಂಬ ಒಂದೇ ಶೀರ್ಷಿಕೆಯಡಿ ತಂದಲ್ಲಿ, ಪಟ್ಟಿಯಲ್ಲಿರುವ ಹೆಸರು ಕಾಯಿಲೆಯನ್ನು ಹೇಳುವುದಿಲ್ಲ. ಆಗ ಲೆಕ್ಕವೂ ಸ್ಪಷ್ಟವಾಗಿರುತ್ತದೆ, ಗೌಪ್ಯತೆಯೂ ಉಳಿಯುತ್ತದೆ.

ಅನುಸರಿಸಬಹುದಾದ ಕ್ರಮ

1. ಆಯವ್ಯಯ ಸಿದ್ಧಪಡಿಸುವ ಮೊದಲೇ ಅಭಿಪ್ರಾಯ ಪಡೆಯುವುದು. ಮೊತ್ತ ಮತ್ತು ಉದ್ದೇಶ ನಿಗದಿಯಾದ ನಂತರ ಕರೆಯುವುದು ಸಹಿಗಾಗಿ ಕರೆದಂತೆ.

2. ಸೋಂಕಿತರ ಸಂಘಟನೆಗಳ ಮುಖಾಂತರ, ಸ್ವಇಚ್ಛೆಯಿಂದ ಮುಂದೆ ಬರುವ ಇಬ್ಬರನ್ನಾದರೂ ಆಹ್ವಾನಿಸುವುದು; ಅವರಲ್ಲಿ ಒಬ್ಬರು ಮಹಿಳೆಯಾಗಿರುವುದು ಸೂಕ್ತ. ಒಬ್ಬರೇ ಇದ್ದಲ್ಲಿ ಅವರ ಮಾತು ಒಂಟಿಯಾಗುತ್ತದೆ. ಅವರು ಇದೇ ಗ್ರಾಮದವರಾಗಿರಬೇಕೆಂಬ ನಿಯಮ ಬೇಡ.

3. ಆಹ್ವಾನ ಪತ್ರದಲ್ಲಾಗಲಿ ನಡಾವಳಿಯಲ್ಲಾಗಲಿ ಅವರ ಆರೋಗ್ಯ ಸ್ಥಿತಿಯನ್ನು ನಮೂದಿಸದೆ "ಆಹ್ವಾನಿತ ಸದಸ್ಯರು" ಎಂದಷ್ಟೇ ದಾಖಲಿಸುವುದು.

4. ಸಭೆಗೆ ಬರಲಾಗದವರು ಸಂಘಟನೆಯ ಮೂಲಕ ಹೆಸರಿಲ್ಲದೆ ಲಿಖಿತ ಅಭಿಪ್ರಾಯ ಸಲ್ಲಿಸಲು ಅವಕಾಶ ನೀಡುವುದು.

5. ಸಭೆಯನ್ನು ಭಾನುವಾರ ಅಥವಾ ಸಂಜೆ ನಡೆಸಿ, ಪ್ರಯಾಣ ವೆಚ್ಚವನ್ನು ಅಂದೇ ಪಾವತಿಸುವುದು.

6. ತಮ್ಮ ಅಥವಾ ತಮ್ಮ ಕುಟುಂಬದ ಅರ್ಜಿ ಪರಿಶೀಲನೆಗೆ ಬಂದಾಗ ಸದಸ್ಯರು ಹೊರಗಿರುವುದು. ಈ ನಿಯಮ ಚುನಾಯಿತ ಸದಸ್ಯರಿಗೂ ಸಮಾನವಾಗಿ ಅನ್ವಯಿಸತಕ್ಕದ್ದು.

7. ಗ್ರಾಮ ಸಭೆಯ ಮುಂದೆ ಮೊತ್ತ, ಮಾನದಂಡ ಹಾಗೂ ಫಲಾನುಭವಿಗಳ ಸಂಖ್ಯೆಯನ್ನು ಪೂರ್ಣವಾಗಿ ಮಂಡಿಸುವುದು. ಚಿಕಿತ್ಸಾ ದಾಖಲೆಗಳನ್ನು ಮುಚ್ಚಿದ ಕಡತದಲ್ಲಿ ಕಾಪಾಡುವುದು.

ಸಾಮಾಜಿಕ ನ್ಯಾಯ ಸಮಿತಿಯ ಚರ್ಚೆಗೆ ಪ್ರಶ್ನೆಗಳು

ಅ) ಕಳೆದ ಸಾಲಿನ ಯಾವ ನೆರವಿನ ಪಟ್ಟಿ ಯಾರದಾದರೂ ಕಾಯಿಲೆಯನ್ನು ಬಯಲು ಮಾಡುವಂತಿತ್ತು?

ಆ) ಅರ್ಹರಿದ್ದೂ ಅರ್ಜಿ ಬಾರದ ಯೋಜನೆ ಯಾವುದು? ಅದಕ್ಕೆ ಕಾರಣ ಮಾಹಿತಿಯ ಕೊರತೆಯೋ, ಭಯವೋ?

ಇ) ಆಹ್ವಾನಿತ ಸದಸ್ಯರ ಸಲಹೆಯಿಂದ ಬದಲಾದ ಒಂದು ನಿರ್ಣಯವನ್ನಾದರೂ ವರ್ಷಾಂತ್ಯಕ್ಕೆ ತೋರಿಸಬಹುದೇ? ತೋರಿಸಲಾಗದಿದ್ದಲ್ಲಿ ಸಹಭಾಗಿತ್ವವು ಹಾಜರಿ ಪುಸ್ತಕದಲ್ಲಷ್ಟೇ ಇದೆಯೆಂದು ತಿಳಿದು, ಮೊದಲನೆಯ ಕ್ರಮದಿಂದ ಪುನಃ ಆರಂಭಿಸತಕ್ಕದ್ದು.