ಎರಡಡಿ ಟ್ಯಾಂಕ್‌ನಲ್ಲಿ ಯಾರ ಜೊತೆ ಯಾರು?

ಅಂಗಡಿಯಲ್ಲಿ ಕಾಣುವ ಮೀನುಗಳಲ್ಲಿ ಹೆಚ್ಚಿನವು ಮರಿಗಳು. ಎಲ್ಲವೂ ಒಂದೇ ಗಾತ್ರ, ಎಲ್ಲವೂ ಸಾಧು. ಅದನ್ನು ನಂಬಿ 'ಒಂದೊಂದು ಜಾತಿಯದ್ದೂ ಒಂದೊಂದು ಜೋಡಿ ಕೊಡಿ' ಅಂದರೆ, ಕೆಲವೇ ತಿಂಗಳಲ್ಲಿ ಅರ್ಧ ಮೀನುಗಳಿಗೆ ಬಾಲ ಇರುವುದಿಲ್ಲ. ಭಯಪಡಬೇಡಿ, ಕೊಳ್ಳುವ ಮುಂಚೆ ಯೋಚಿಸಿದರೆ ಇದನ್ನು ತಪ್ಪಿಸಬಹುದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂತಿಟ್ಟುಕೊಳ್ಳೋಣ. ಲೆಕ್ಕಕ್ಕೆ 56 ಲೀಟರ್. ಮರಳು, ಗಿಡ, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45.

ಹಂತ 1: ಮನೆಯ ನೀರು ನೋಡಿ
ನಲ್ಲಿಯ ಮೇಲೆ ಬಿಳಿ ಕರೆ ಕಟ್ಟುತ್ತದೆಯೇ? ಸೋಪು ಸರಿಯಾಗಿ ನೊರೆ ಬರುವುದಿಲ್ಲವೇ? ಹಾಗಾದರೆ ಅದು ಗಡಸು ನೀರು. ಬೋರ್‌ವೆಲ್ ಇರುವ ಕಡೆ ಇದು ಸಾಮಾನ್ಯ. ಗಪ್ಪಿ, ಪ್ಲಾಟಿ, ಮಾಲಿಗೆ ಇದು ಹೇಳಿಮಾಡಿಸಿದ್ದು. ಮೆದು ನೀರಿದ್ದರೆ ನಿಯಾನ್ ಟೆಟ್ರಾ ಸುಖವಾಗಿರುತ್ತದೆ. ಮೀನಿಗಾಗಿ ನೀರು ಬದಲಿಸುವ ಸಾಹಸ ಈಗಲೇ ಬೇಡ.

ಹಂತ 2: ಟ್ಯಾಂಕ್ ಹದಕ್ಕೆ ಬರಲಿ
ಮೀನಿಲ್ಲದೆಯೇ ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾ ಬೆಳೆದು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಎಚ್ಚರ: ಮೊದಲ ದಿನವೂ ಟೆಸ್ಟ್ ಕಿಟ್ ಸೊನ್ನೆಯನ್ನೇ ತೋರಿಸುತ್ತದೆ! ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿದ ಮೇಲೆಯೇ ಮೀನು ತನ್ನಿ.

ಹಂತ 3: ಬೇಡದ್ದನ್ನು ಮೊದಲು ಹೊಡೆದುಹಾಕಿ
ಗೋಲ್ಡ್‌ಫಿಶ್ ಬೇಡ. ಅದಕ್ಕೆ ತಂಪು ನೀರು ಬೇಕು, ಗೇಣುದ್ದ ಬೆಳೆಯುತ್ತದೆ. 'ಪಾಚಿ ತಿಂದು ಟ್ಯಾಂಕ್ ಕ್ಲೀನ್ ಮಾಡುತ್ತೆ ಸಾರ್' ಅಂತ ಕೊಡುವ ಎರಡಿಂಚಿನ ಸಕ್ಕರ್ ಫಿಶ್ ಒಂದಡಿ ದಾಟುತ್ತದೆ, ಗಲೀಜೂ ಅಷ್ಟೇ ಮಾಡುತ್ತದೆ. 'ಶಾರ್ಕ್' ಹೆಸರಲ್ಲಿ ಮಾರುವ ಬೆಳ್ಳಿ ಬಣ್ಣದ ಮರಿ ಬಹುಪಾಲು ಪಂಗಾಸಿಯಸ್. ಊಟಕ್ಕಾಗಿ ಹೊಂಡಗಳಲ್ಲಿ ಸಾಕುವ ಮೀನು ಅದು, ಮೀಟರ್ ಉದ್ದ ಬೆಳೆಯಬಲ್ಲದು. ಟೈಗರ್ ಬಾರ್ಬ್ ಉದ್ದ ಬಾಲದವರನ್ನು ಕಚ್ಚುತ್ತದೆ. ದೊಡ್ಡದಾದ ಏಂಜಲ್ ನಿಯಾನ್‌ಗಳನ್ನು ನುಂಗುತ್ತದೆ: ಬಾಯಿಗೆ ಹಿಡಿಸಿದ್ದೆಲ್ಲ ಅದಕ್ಕೆ ಊಟವೇ. ಗಂಡು ಫೈಟರ್‌ಗೆ ಗಪ್ಪಿಯ ಬಣ್ಣದ ಬಾಲ ಕಂಡರೆ ಇನ್ನೊಂದು ಫೈಟರ್ ಬಂತೆಂದೇ ಸಿಟ್ಟು. ಪಶ್ಚಿಮ ಘಟ್ಟದ ಚೆಲುವೆ ಮಿಸ್ ಕೇರಳ? ಗುಂಪಾಗಿ ಓಡುವ ಹೊಳೆ ಮೀನು, ನಾಲ್ಕಡಿ ಟ್ಯಾಂಕ್ ಬಂದಾಗ ನೋಡೋಣ.

ಹಂತ 4: ಜಾತಿ ಕಡಿಮೆ, ಗುಂಪು ದೊಡ್ಡದು
ನಿಯಾನ್, ಕೋರಿಡೋರಾಸ್ ಕನಿಷ್ಠ ಆರಾದರೂ ಇರಬೇಕು. ಒಂಟಿಯಾದರೆ ಬೆದರಿ ಗಿಡದ ಹಿಂದೆಯೇ ಉಳಿಯುತ್ತವೆ. ಒಬ್ಬರು ನಡುವೆ, ಒಬ್ಬರು ತಳದಲ್ಲಿ ಇರುವಂತೆ ಆರಿಸಿ.
ಗಡಸು ನೀರಿಗೆ: 6 ಗಂಡು ಗಪ್ಪಿ, 6 ಬ್ರಾಂಜ್ ಕೋರಿಡೋರಾಸ್.
ಮೆದು ನೀರಿಗೆ: 8 ನಿಯಾನ್ ಟೆಟ್ರಾ, 6 ಕೋರಿಡೋರಾಸ್, 1 ಹನಿ ಗೌರಾಮಿ.
ಕೋರಿಡೋರಾಸ್‌ಗೆ ಚೂಪು ಕಲ್ಲು ಬೇಡ, ನುಣುಪು ಮರಳು ಹಾಕಿ. ಮೀಸೆಯಿಂದ ತಳ ಕೆದಕಿಯೇ ಅವು ತಿನ್ನುವುದು.

ಗಂಡು ಗಪ್ಪಿಗಳೇ ಯಾಕೆ? ಹೆಣ್ಣಿದ್ದರೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ, ಆಮೇಲೆ ಹಂಚಲು ನೆಂಟರು ಸಾಲುವುದಿಲ್ಲ. ಹೊಟ್ಟೆಯ ಕೆಳಗಿನ, ಬಾಲದ ಕಡೆಯ ರೆಕ್ಕೆ ನೋಡಿ: ಕಡ್ಡಿಯಂತಿದ್ದರೆ ಗಂಡು, ಬೀಸಣಿಗೆಯಂತಿದ್ದರೆ ಹೆಣ್ಣು.

ಹಂತ 5: ಅಂಗಡಿಯಲ್ಲಿ ಐದು ನಿಮಿಷ ನಿಲ್ಲಿ
ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಇದೆಯೇ? ಸತ್ತ ಮೀನು ತೇಲುತ್ತಿದೆಯೇ? ಆ ಟ್ಯಾಂಕ್‌ನಿಂದ ಒಂದನ್ನೂ ಕೊಳ್ಳಬೇಡಿ, ಎಷ್ಟೇ ಅಗ್ಗವಾಗಲಿ.

ಹಂತ 6: ಒಂದು ಸಲಕ್ಕೆ ಒಂದೇ ಗುಂಪು
ಕವರನ್ನು 20 ನಿಮಿಷ ನೀರಿನ ಮೇಲೆ ತೇಲಿಬಿಡಿ. ಆಮೇಲೆ ಅರ್ಧ ಗಂಟೆಯಲ್ಲಿ ನಿಮ್ಮ ಟ್ಯಾಂಕ್ ನೀರನ್ನು ಸ್ವಲ್ಪ ಸ್ವಲ್ಪವೇ ಕವರಿಗೆ ಸೇರಿಸಿ. ನೆಟ್‌ನಿಂದ ಮೀನನ್ನು ಮಾತ್ರ ಎತ್ತಿ ಬಿಡಿ, ಕವರಿನ ನೀರು ಟ್ಯಾಂಕ್‌ಗೆ ಬೀಳಬಾರದು. ಲೈಟ್ ಆರಿಸಿ. ಎರಡನೇ ಗುಂಪು ಎರಡು ವಾರ ಕಳೆದ ಮೇಲೆ.

ಹಂತ 7: ಜಗಳ ಬಂದರೆ
ಒಂದು ಮೀನು ಉಳಿದವನ್ನು ಅಟ್ಟಾಡಿಸುತ್ತಿದ್ದರೆ ಗಿಡ, ಕಲ್ಲುಗಳ ಜಾಗ ಬದಲಿಸಿ ನೋಡಿ; ಅದರ 'ನನ್ನ ಏರಿಯಾ' ಅಳಿಸಿಹೋಗುತ್ತದೆ. ಆಗಲೂ ನಿಲ್ಲದಿದ್ದರೆ ಅಂಗಡಿಗೇ ವಾಪಸ್ ಕೊಡಿ. ತೆಗೆದುಕೊಳ್ಳುತ್ತಾರೆಯೇ ಅಂತ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಕೆರೆಗೆ ಮಾತ್ರ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಫಿಶ್‌ಗಳೇ ಕೆರೆಗಳಲ್ಲಿ ಹೆಚ್ಚಿ, ಈಗ ಮೀನುಗಾರರ ಬಲೆ ಹರಿಯುತ್ತಿವೆ.