ಕೆರೆಗೆ ಕೊಳಚೆ ಸೇರುತ್ತಿದೆಯೇ? ದೂರು ಎಲ್ಲಿ, ಗಡುವು ಎಷ್ಟು?

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಕಟ್ಟಡಗಳು ಎದ್ದ ವೇಗಕ್ಕೆ ಒಳಚರಂಡಿ ಬರಲಿಲ್ಲ. ಮಳೆನೀರು ಹರಿಯಬೇಕಿದ್ದ ರಾಜಕಾಲುವೆಗಳಲ್ಲಿ ಕೊಳಚೆ ಹರಿದು ಬೆಳ್ಳಂದೂರು ಕೆರೆ ಸೇರಿತು. ಡಿಟರ್ಜೆಂಟ್ ಅಂಶದಿಂದ ನೊರೆ ಎದ್ದಿತು, 2017ರ ಫೆಬ್ರುವರಿಯಲ್ಲಿ ಕೆರೆಯಲ್ಲೇ ಬೆಂಕಿ ಹೊತ್ತಿತು. 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ನಿಮ್ಮೂರಿನ ಕೆರೆ ಆ ಸ್ಥಿತಿಗೆ ಹೋಗುವವರೆಗೆ ಕಾಯಬೇಕಿಲ್ಲ.

ಹಕ್ಕು ಏನು?
ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಮಾಲಿನ್ಯರಹಿತ ನೀರಿನ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಗೊತ್ತಿದ್ದೂ ಜಲಮೂಲಕ್ಕೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಕಾಯ್ದೆಯ 24ನೇ ಸೆಕ್ಷನ್ ನಿಷೇಧಿಸುತ್ತದೆ.

ಮೊದಲು ಏನು ಮಾಡಬೇಕು?
‘ಕೆರೆ ಕೆಟ್ಟಿದೆ’ ಎಂದಷ್ಟೇ ಬರೆದರೆ ಇಲಾಖೆಗಳು ಒಂದರ ಮೇಲೊಂದು ಹೊಣೆ ಹಾಕುತ್ತವೆ. ಕೊಳಚೆ ಸೇರುವ ಜಾಗ, ದಿನಾಂಕ, ಫೋಟೊ ಸಹಿತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬೆಂಗಳೂರಿನಲ್ಲಿ ಒಳಚರಂಡಿ ಉಕ್ಕಿದ್ದರೆ ಜಲಮಂಡಳಿಯ 1916ಕ್ಕೂ ತಿಳಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಯೇ ಮಾದರಿ ತೆಗೆಯಲಿ ಎಂದು ದೂರಿನಲ್ಲೇ ಕೇಳಿ. ಕೊಳಚೆಯ ಮಾದರಿ ತೆಗೆಯಲು ಜಲ ಕಾಯ್ದೆಯ 21ನೇ ಸೆಕ್ಷನ್ ಕ್ರಮ ಹಾಕಿಕೊಟ್ಟಿದೆ, ಅದು ತಪ್ಪಿದರೆ ವರದಿ ಸಾಕ್ಷ್ಯವಾಗಿ ನಿಲ್ಲದು.

ದಾಖಲೆ ಸಿಗುವುದೆಲ್ಲಿ?
ಕೊಳಚೆ ಬಿಡುವವರಿಗೆ ಮಂಡಳಿ ಹಾಕಿದ ಷರತ್ತುಗಳ ನೋಂದಣಿ ಪುಸ್ತಕವನ್ನು ಬಾಧಿತರು ನೋಡಬಹುದು, ಅದೇ ಕಾಯ್ದೆಯ 25ನೇ ಸೆಕ್ಷನ್ ಆ ಅವಕಾಶ ಕೊಟ್ಟಿದೆ. ಉಳಿದ ದಾಖಲೆಗಳಿಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಗಡುವು.

ಹಸಿರು ನ್ಯಾಯಮಂಡಳಿಗೆ ಯಾವಾಗ?
ಕರ್ನಾಟಕದ ಪ್ರಕರಣಗಳು ಚೆನ್ನೈನ ದಕ್ಷಿಣ ಪೀಠಕ್ಕೆ ಹೋಗುತ್ತವೆ. ವಕೀಲರನ್ನು ಇಡಬಹುದು, ಸ್ವತಃ ವಾದಿಸಲೂಬಹುದು. ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಪರಿಹಾರ ಅಥವಾ ಕೆರೆಯ ಪುನಶ್ಚೇತನ ಕೋರುವುದಾದರೆ 5 ವರ್ಷ. ಸಕಾರಣವಿದ್ದರೆ ಎರಡಕ್ಕೂ ಇನ್ನೂ 60 ದಿನ ಸಿಗಬಹುದು.

ಬಹಳ ಮಂದಿ ಎಡವುವುದು ಇಲ್ಲಿಯೇ. ಮಂಡಳಿಯ ಉತ್ತರಕ್ಕೆ ಕಾದು ಕೂತರೆ ಗಡುವು ನಿಲ್ಲುವುದಿಲ್ಲ, ಜ್ಞಾಪನಾ ಪತ್ರ ಬರೆದ ಮಾತ್ರಕ್ಕೆ ಹೊಸದಾಗಿ ಶುರುವಾಗುವುದೂ ಇಲ್ಲ. ದೂರು ಕೊಟ್ಟ ವಾರದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸಲಹೆ ಪಡೆಯಿರಿ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು ಸೇರಿದಂತೆ ಅರ್ಹರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ: 15100.